ಶಂಖ ಚೂರಾದ ಮೇಲೆ

ಸಕಲೇಶಪುರದಲ್ಲಿ ಮೂರು ದಿನದಿಂದ ಬಿಡದೆ ಮಳೆ, ಕರೆಂಟೂ ಇಲ್ಲ. ಮೇಣದ ಬತ್ತಿ ಹಚ್ಚಿಕೊಂಡು ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಮತ್ತೆ ಓದಿದೆ. 1954ರ ಕಾದಂಬರಿ. ವಿಮಾನ ಬಿದ್ದು ದ್ವೀಪದಲ್ಲಿ ಉಳಿದ ಹುಡುಗರು, ದೊಡ್ಡವರು ಒಬ್ಬರೂ ಇಲ್ಲ. ಶಂಖ ಊದಿದರೆ ಸಭೆ. ಅದು ಯಾರ ಕೈಯಲ್ಲಿದೆಯೋ ಅವನಿಗೆ ಮಾತ್ರ ಮಾತು.

ಅರಸೀಕೆರೆ ಕಡೆ ನಮ್ಮಜ್ಜಿ ಊರಲ್ಲಿ ದಾಸಯ್ಯ ಶಂಖ ಊದಿದರೆ ಸಾಕು, ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಮೊರದಲ್ಲಿ ರಾಗಿ ತಗೊಂಡು ಬಾಗಿಲಿಗೆ ಬರುತ್ತಿದ್ದರು. ಬರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಶಂಖಕ್ಕೆ ತಾನಾಗೇ ಯಾವ ಬಲವೂ ಇಲ್ಲ, ಅಲ್ವಾ? ನಾವು ಒಪ್ಪಿದ್ದಷ್ಟೇ ಅದರ ಬಲ.

ಬಂಡೆ ಉರುಳಿ, ಆ ಹುಡುಗರಲ್ಲೊಬ್ಬನಾದ ಪಿಗ್ಗಿ ಸಾಯುವಾಗ ಅವನ ಕೈಯಲ್ಲಿದ್ದ ಶಂಖವೂ ಚೂರಾಗುತ್ತದೆ, ಆದರೆ ಹುಡುಗರು ಅದಕ್ಕೆ ಕಿವಿಗೊಡುವುದನ್ನು ಎಷ್ಟೋ ಮೊದಲೇ ಬಿಟ್ಟಿದ್ದರು. ಆ ಪುಟ ಓದುವಾಗ ಈ ಸಲವೂ ಕಣ್ಣು ತುಂಬಿತು.

ಒಂದು ತಕರಾರಿದೆ. ಮುಖಕ್ಕೆ ಬಣ್ಣ ಬಳಿದ ಹುಡುಗರನ್ನು ‘ಸ್ಯಾವೇಜ್’ ಅನ್ನುತ್ತಾರೆ, ಕಾಡಿನವರೆಲ್ಲ ಕ್ರೂರಿಗಳು ಅನ್ನೋ ಹಾಗೆ. ಮಲೆನಾಡಿನಲ್ಲಿ ಇರುವವರಿಗೆ ಅದು ಚುಚ್ಚುತ್ತದೆ. ಆದರೂ ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು, ಕ್ರೌರ್ಯ ನಾಡಿನವರಲ್ಲೂ ಇದೆ ಅನ್ನೋದನ್ನು ಮರೆತಿಲ್ಲ. ಕೊನೆಯಲ್ಲಿ ಹುಡುಗರಿಗೆ ಎದುರಾಗುವ ನೌಕಾಪಡೆ ಅಧಿಕಾರಿಯನ್ನೇ ನೋಡಿ: ಬಿಳಿ ಟೋಪಿ, ಅಚ್ಚುಕಟ್ಟಾದ ಸಮವಸ್ತ್ರ, ಕೈ ಮಾತ್ರ ರಿವಾಲ್ವರ್ ಹಿಡಿಯ ಮೇಲೆ.