ಮಕ್ಕಳೊಂದಿಗೆ ರಾಮನವಮಿ ಸಂಗೀತ ಕಛೇರಿಗೆ: ತುಮಕೂರಿನಿಂದ ಚಾಮರಾಜಪೇಟೆಗೆ ಹೊರಡುವವರಿಗಾಗಿ

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಪ್ರತಿವರ್ಷ ರಾಮನವಮಿಯ ಹೊತ್ತಿಗೆ ದೊಡ್ಡ ಪೆಂಡಾಲ್ ಏಳುತ್ತದೆ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ಅಲ್ಲಿ ವಾರಗಟ್ಟಲೆ ನಡೆಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ಈ ಉತ್ಸವಕ್ಕೆ ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದೊಯ್ದಿದ್ದೆವು. ಅವರಲ್ಲಿ ಹೆಚ್ಚಿನವರು ಅದುವರೆಗೆ ಒಂದು ಕಛೇರಿಯನ್ನೂ ಎದುರು ಕುಳಿತು ಕೇಳಿದವರಲ್ಲ. ಅಂಥ ಮಕ್ಕಳನ್ನೇ ಕರೆದೊಯ್ಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ದಿನದ ಆಯ್ಕೆ. ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾಗುವ ನಡುವಿನ ಅವಧಿ ಚಿಕ್ಕದು. ರಾಮನವಮಿ ಮಾರ್ಚ್ ಕೊನೆಗೆ ಬೀಳುವುದೋ ಏಪ್ರಿಲ್‌ನಲ್ಲಿ ಬೀಳುವುದೋ ಎಂಬುದನ್ನು ನೋಡಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರಗಳನ್ನು ಮುಂಚೆಯೇ ಪಡೆದಿಟ್ಟುಕೊಳ್ಳಬೇಕು. ಹಬ್ಬದ ದಿನವನ್ನೂ ಶನಿವಾರ, ಭಾನುವಾರಗಳನ್ನೂ ಬಿಡುವುದು ಲೇಸು. ಮಕ್ಕಳ ಸಂಖ್ಯೆಯನ್ನು ತಿಳಿಸಿ ಆಯೋಜಕರಿಗೆ ಮೊದಲೇ ಪತ್ರ ಬರೆದರೆ ಎಲ್ಲರನ್ನೂ ಒಂದೇ ಕಡೆ ಕೂರಿಸುವ ವಿಚಾರವನ್ನು ಮಾತನಾಡಿಕೊಳ್ಳಬಹುದು.

ಬಸ್ಸನ್ನು ಕೆ.ಆರ್. ಮಾರುಕಟ್ಟೆಯವರೆಗೆ ತರುವ ಯೋಚನೆ ಬೇಡ. ಸಂಜೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಮಕ್ಕಳು ಕಛೇರಿಗೆ ಮೊದಲೇ ಬಳಲಿಹೋಗುತ್ತಾರೆ. ತುಮಕೂರು ರಸ್ತೆಯ ಮಾದಾವರದವರೆಗೆ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಓಡುತ್ತಿದೆ. ಅಲ್ಲಿ ಬಸ್ಸಿನಿಂದಿಳಿದು ರೈಲು ಹತ್ತಿದರೆ, ಎಲ್ಲಿಯೂ ಬದಲಿಸದೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಮೈದಾನಕ್ಕೆ ನಡೆದೇ ಹೋಗಬಹುದು. ರೈಲಿನೊಳಗೆ ತಿನ್ನುವಂತಿಲ್ಲವಾದ್ದರಿಂದ ಮಧ್ಯಾಹ್ನದ ಬುತ್ತಿಯನ್ನು ಬಸ್ಸಿನಲ್ಲಿಯೇ ಮುಗಿಸಿರಬೇಕು. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಲಿ. ಹತ್ತುವಾಗಲೂ ಇಳಿಯುವಾಗಲೂ ಪ್ರತಿಯೊಬ್ಬರೂ ತಮ್ಮ ಗುಂಪಿನ ತಲೆ ಎಣಿಸಲಿ.

ಮೂರು ಗಂಟೆಯ ಸುಮಾರಿಗೆ ತಲುಪಿದರೆ, ಸಮೀಪದಲ್ಲೇ ಇರುವ ಟಿಪ್ಪುವಿನ ಬೇಸಿಗೆ ಅರಮನೆಯನ್ನು ತೋರಿಸಬಹುದು. ಹೈದರಾಲಿ ಆರಂಭಿಸಿ, ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ ಆ ಕಟ್ಟಡದ ತೇಗದ ಕಂಬಗಳ ತಂಪಿನಲ್ಲಿ ಒಂದು ಗಂಟೆ ಸುಲಭವಾಗಿ ಕಳೆಯುತ್ತದೆ. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನವಿದೆ. ಇದಕ್ಕಿಂತ ಹೆಚ್ಚಿನದನ್ನು ಆ ದಿನಕ್ಕೆ ತುರುಕಬಾರದು.

ಈಗ ಮುಖ್ಯ ವಿಷಯ. ಹೊರಡುವ ಮೊದಲು ಮಕ್ಕಳಿಗೆ ರಾಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಆದಿತಾಳವೊಂದನ್ನು ಚೆನ್ನಾಗಿ ಹಾಕಲು ಕಲಿಸುವುದು ಮೇಲು. ಅಂದು ಯಾವ ರಾಗ ಬರುತ್ತದೆಂದು ಮೊದಲೇ ಹೇಳಲಾಗದು, ಆದರೆ ಆದಿತಾಳದ ಕೃತಿಯಿಲ್ಲದ ಕಛೇರಿ ಅಪರೂಪ. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಹುಸಿ (ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು), ಪೆಟ್ಟು, ಹುಸಿ: ಈ ಎಂಟು ಎಣಿಕೆಗಳನ್ನು ದಿನವೂ ಪ್ರಾರ್ಥನೆಯ ನಂತರ ಐದು ನಿಮಿಷ ಅಭ್ಯಾಸ ಮಾಡಿಸಿದ್ದು ನಮಗೆ ಬಹಳ ನೆರವಾಯಿತು. ಗಾಯಕರು ಸ್ವರಗಳನ್ನು ಆಗಿಂದಾಗಲೇ ಕಲ್ಪಿಸಿ ಹಾಡುವ ಕಲ್ಪನಾಸ್ವರದ ಹೊತ್ತಿಗೆ ಮಕ್ಕಳ ಕೈ ತೊಡೆಯ ಮೇಲೆ ತಾನಾಗಿಯೇ ಓಡುತ್ತಿತ್ತು. ಸ್ವರಗಳು ಎಲ್ಲೆಲ್ಲೋ ಸುತ್ತಾಡಿ ಹಾಡಿನ ಎತ್ತುಗಡೆಗೆ, ಎಂದರೆ ಸಾಲು ಆರಂಭವಾಗುವ ಜಾಗಕ್ಕೆ, ಸರಿಯಾಗಿ ಬಂದು ಸೇರಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನ ಭುಜ ಹಿಡಿದು ಅಲುಗಿಸಿಬಿಟ್ಟ.

ಕಛೇರಿ ಸಾಮಾನ್ಯವಾಗಿ ಆರೂವರೆಯ ಸುಮಾರಿಗೆ ಆರಂಭವಾಗುತ್ತದೆ, ಆದರೆ ಮುಕ್ಕಾಲು ಗಂಟೆ ಮೊದಲೇ ಒಳಗಿರಿ. ಶೌಚಾಲಯ, ನೀರು ಎಲ್ಲವನ್ನೂ ಆಗಲೇ ಮುಗಿಸಿ, ಸಭಿಕರ ಎಡಭಾಗದಲ್ಲಿ ಸಾಲು ಹಿಡಿಯಿರಿ. ಮೃದಂಗದವರು ಹೆಚ್ಚಾಗಿ ಕೂರುವುದು ಆ ಬದಿಗೆ. ನಮಗೆ ಅಂದು ಮೃದಂಗವನ್ನು ಸಜ್ಜುಗೊಳಿಸುವುದನ್ನು ನೋಡುವ ಅವಕಾಶ ಸಿಕ್ಕಿತು: ನಾದಿದ ರವೆಯ ಮುದ್ದೆಯನ್ನು ಎಡ ಮುಖದ ನಡುವೆ ಮೆತ್ತಿ, ಬೆರಳಿನಿಂದ ದುಂಡಗೆ ಸವರಿ, ನುಡಿಸಿ ನೋಡಿ, ಬಲ ಮುಖದ ಅಂಚಿಗೆ ಕಲ್ಲಿನಿಂದ ಹಗುರವಾಗಿ ತಟ್ಟಿ ಶ್ರುತಿ ಸೇರಿಸಿದರು. ನುಡಿಸುವಾಗ ಎಡ ಮುಖ ಹಿಂದಕ್ಕೆ ತಿರುಗಿರುವುದರಿಂದ ಆಮೇಲೆ ಅದು ಕಾಣುವುದಿಲ್ಲ. ಅಡುಗೆಮನೆಯ ರವೆಗೆ ವೇದಿಕೆಯ ಮೇಲೆ ಇಂಥ ಕೆಲಸವಿದೆಯೆಂಬುದು ಮಕ್ಕಳನ್ನು ಯಾವ ಪಾಠಕ್ಕಿಂತಲೂ ಹೆಚ್ಚು ಹಿಡಿದಿಟ್ಟಿತು.

ಪ್ರಧಾನ ಕೃತಿಯ ನಂತರ ಬರುವ ತನಿ ಆವರ್ತನದ, ಎಂದರೆ ಮೃದಂಗ ಮುಂತಾದ ತಾಳವಾದ್ಯಗಳಷ್ಟೇ ನುಡಿಯುವ ಭಾಗದ, ಹೊತ್ತಿಗೆ ಎದ್ದು ಹೋಗುವ ಹಿರಿಯರನ್ನು ಅಲ್ಲಿ ಕಾಣುತ್ತೀರಿ. ಮಕ್ಕಳು ಅದನ್ನು ಅನುಸರಿಸದಿರಲಿ. ತಾಳ ಕಲಿತ ಮಕ್ಕಳಿಗೆ ಇಡೀ ಸಂಜೆಯಲ್ಲಿ ಅತ್ಯಂತ ಸಂತೋಷ ಕೊಡುವ ಭಾಗ ಅದೇ. ಕೊನೆಯಲ್ಲಿ ಬರುವ ದೇವರನಾಮಗಳು ಅನೇಕರಿಗೆ ಮೊದಲೇ ಗೊತ್ತಿರುತ್ತವೆ. ಅಷ್ಟರಲ್ಲಿ ಚಿಕ್ಕವರು ತೂಕಡಿಸಿದರೆ ಗದರಿಸಬೇಡಿ. ಹೊರಡಲೇಬೇಕಾದ ಅನಿವಾರ್ಯವಿದ್ದರೆ ತನಿ ಮುಗಿದ ಮೇಲೆ, ಎರಡು ಹಾಡುಗಳ ನಡುವೆ, ಎಲ್ಲರೂ ಒಟ್ಟಿಗೆ ಏಳಬೇಕು.

ಒಂಬತ್ತು ಗಂಟೆ ದಾಟಿ ಹೊರಬಂದು ಮೆಟ್ರೊ ಹಿಡಿದರೂ ತುಮಕೂರು ತಲುಪುವಾಗ ರಾತ್ರಿ ಹನ್ನೊಂದೂವರೆಯಾಗುತ್ತದೆ. ರಾತ್ರಿಯ ಬುತ್ತಿಯನ್ನು ಮಾದಾವರದಲ್ಲಿ ಕಾಯುವ ಬಸ್ಸಿನಲ್ಲೇ ಇಟ್ಟಿರಿ, ಅಲ್ಲಿಂದ ಹೊರಟ ಕೂಡಲೇ ಪೋಷಕರಿಗೆ ಸಂದೇಶ ಕಳುಹಿಸಿ, ಪ್ರತಿ ಮಗುವನ್ನೂ ಮನೆಯವರ ಕೈಗೇ ಒಪ್ಪಿಸಿ. ಮರುದಿನ ತಡವಾಗಿ ಬರಲು ಅವಕಾಶ ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಮೊದಲೇ ಕೇಳಿಕೊಳ್ಳಿ.