ಎತ್ತಿದ್ದೆಷ್ಟು, ಎತ್ತಬಾರದಿದ್ದದ್ದೆಷ್ಟು: ನಾಲ್ಕನೇ ತಿಂಗಳ ಲೆಕ್ಕ

ಈ ನೋಟ್‌ಬುಕ್ ಶುರು ಮಾಡಿ ನಾಲ್ಕು ತಿಂಗಳಾಯಿತು. ದಾರಿಯಲ್ಲಿ ಸಿಕ್ಕ ಹಕ್ಕಿಮರಿ, ಅಳಿಲು, ಬಾವಲಿ ಯಾವುದನ್ನು ಎತ್ತಿ ತಂದೆ, ಕೊನೆಗೆ ಏನಾಯಿತು ಅಂತ ಬರೆದಿಡೋದು, ಅಷ್ಟೇ. ಮೊದಲು ಮೂರೇ ಕಾಲಂ ಇತ್ತು: ದಿನ, ಪ್ರಾಣಿ, ಬದುಕಿತಾ. ಕಳೆದ ತಿಂಗಳು ನಾಲ್ಕನೆಯದೊಂದು ಸೇರಿಸಿದೆ: ‘ನಾನು ಮುಟ್ಟದೇ ಇದ್ದಿದ್ದರೆ?’ ಅಲ್ಲಿಂದ ಲೆಕ್ಕವೆಲ್ಲ ಉಲ್ಟಾ ಹೊಡೆಯಿತು.

ಒಟ್ಟು 14 ಜೀವ. ಬದುಕಿದ್ದು 9. ಪರವಾಗಿಲ್ವೇ ಅಂತ ಬೀಗಿದ್ದೆ. ಆದರೆ ಆ 9ರಲ್ಲಿ 5 ಪಿಕಳಾರದ ಮರಿಗಳು. ಮೈತುಂಬ ಪುಕ್ಕ, ಮೊಂಡು ಬಾಲ, ನೆಲದ ಮೇಲೆ ಕುಪ್ಪಳಿಸುತ್ತಿದ್ದವು. ಅವು ಗೂಡಿನಿಂದ ಬಿದ್ದದ್ದಲ್ಲ, ಬಿಟ್ಟು ಬಂದದ್ದು. ಸರಿಯಾಗಿ ಹಾರಲು ಬರುವ ಮೊದಲೇ ಇಳಿದುಬಿಡುತ್ತವೆ. ಅಪ್ಪ ಅಮ್ಮ ಅಲ್ಲೇ ಸುತ್ತಮುತ್ತ ಇದ್ದು ತಿನ್ನಿಸುತ್ತಿರುತ್ತವೆ. ನಾನು ಕಾಪಾಡಿದೆ ಅಂದುಕೊಂಡದ್ದು ನಿಜವಾಗಿ ಮಕ್ಕಳ ಕಳ್ಳತನ.

ಆರನೆಯದು ಸಿಕ್ಕಾಗ ಕೈ ಕಟ್ಟಿಕೊಂಡು ದೂರ ನಿಂತೆ. ಹತ್ತು ನಿಮಿಷ ಏನೂ ಇಲ್ಲ. ಇನ್ನೇನು ಡಬ್ಬ ತೆಗೆಯಬೇಕು, ಮೇಲಿನ ಕೊಂಬೆಗೆ ದೊಡ್ಡ ಹಕ್ಕಿ ಬಂತು, ಕೊಕ್ಕಿನಲ್ಲಿ ಹಸಿರು ಹುಳ. ಆದರೆ ಇಳಿಯಲೇ ಇಲ್ಲ. ನನ್ನನ್ನು ನೋಡಿ ಒಂದೇ ಸಮ ಬೈಯುತ್ತಿತ್ತು. ಇನ್ನಷ್ಟು ಹಿಂದೆ ಸರಿದೆ. ಕೂಡಲೇ ಇಳಿದು ಹುಳವನ್ನು ಮರಿಯ ಗಂಟಲಿಗೆ ತುರುಕಿ ಹಾರಿತು. ಅಡ್ಡ ನಿಂತಿದ್ದವನು ನಾನೇ! ಇದನ್ನು ಎತ್ತಿಲ್ಲವಾದ್ದರಿಂದ 14ರಲ್ಲಿ ಸೇರಿಸಿಲ್ಲ.

ಅಂದಹಾಗೆ, ಮನುಷ್ಯ ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಸೇರಿಸೋದಿಲ್ಲ ಅನ್ನೋದು ಸುಳ್ಳು. ಪುಕ್ಕ ಬಾರದ ಮರಿ ಬಿದ್ದಿದ್ದರೆ, ಗೂಡು ಕೈಗೆ ಸಿಗುವಂತಿದ್ದರೆ, ವಾಪಸ್ ಇಟ್ಟುಬಿಡಬಹುದು.

ನಿಜವಾಗಿ ಉಪಯೋಗವಾದದ್ದು ಮೂರು ಸಲ. ಎರಡು ಬಾವಲಿ, ಒಂದು ಗೂಬೆ. ಹೆಚ್ಚಿನ ಬಾವಲಿಗಳಿಗೆ ಸಪಾಟು ನೆಲದಿಂದ ಮೇಲೇಳುವುದು ಕಷ್ಟ. ದಪ್ಪ ಗ್ಲೌಸ್ ಹಾಕಿ (ರೇಬೀಸ್ ಭಯ, ಬರಿಗೈ ಬೇಡವೇ ಬೇಡ), ಡಬ್ಬ ಕವುಚಿ, ಕೆಳಗೆ ರಟ್ಟು ತೂರಿಸಿ, ಒರಟು ತೊಗಟೆಯ ಮರಕ್ಕೆ ಹಿಡಿದೆ. ಹೆಬ್ಬೆರಳ ಕೊಕ್ಕೆಯಲ್ಲಿ ತೊಗಟೆ ಹಿಡಿದು, ಸ್ವಲ್ಪ ಸುಧಾರಿಸಿಕೊಂಡು, ಸರಸರ ಹತ್ತಿತು. ಗೂಬೆ ಆಟದ ಮೈದಾನದ ನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ದಾರ ಕತ್ತರಿಸಿ ಅಲ್ಲೇ ಬಿಡಲಿಲ್ಲ, ಡಾಕ್ಟರಿಗೆ ಒಪ್ಪಿಸಿದೆ. ದಾರದ ಗಾಯ ಪುಕ್ಕದಡಿ ಕಾಣೋದಿಲ್ಲ. ಒಂಬತ್ತನೆಯದು ಗಾಜಿಗೆ ಬಡಿದ ಹಕ್ಕಿ. ಅದರ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ ಇದೆ.

ಸತ್ತ 5ರಲ್ಲಿ ಎರಡಕ್ಕೆ ಬೆಕ್ಕು ಕಚ್ಚಿತ್ತು. ಸೂಜಿ ಚುಚ್ಚಿದಷ್ಟು ಗಾಯವಾದರೂ ನಂಜಾಗುತ್ತೆ, ಬೇಗ ಆಂಟಿಬಯಾಟಿಕ್ ಬೇಕು. ನಾನು ‘ಬೆಳಿಗ್ಗೆ ನೋಡೋಣ’ ಅಂದಿದ್ದೆ. ಇನ್ನೆರಡರ ಕಾರಣ ಗೊತ್ತಾಗಲಿಲ್ಲ.

ಐದನೆಯದು ಅಳಿಲ ಮರಿ. ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಬಾಯಾರಿರಬೇಕು ಅಂತ ಡ್ರಾಪರ್‌ನಲ್ಲಿ ನೀರು ಬಿಟ್ಟೆ. ಮೂಗಿನಿಂದ ಗುಳ್ಳೆ ಬಂತು. ನೀರು ಶ್ವಾಸಕೋಶಕ್ಕೆ ಇಳಿದಿತ್ತು. ರಾತ್ರಿಯೇ ಹೋಯಿತು. ನಾಲ್ಕನೇ ಕಾಲಂನಲ್ಲಿ ‘ಬದುಕುತ್ತಿತ್ತೇನೋ’ ಅಂತಿದೆ. ಮೊದಲು ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದೆ ಇಡಬೇಕು. ತಿಳಿದವರು ಹೇಳುವವರೆಗೆ ಬಾಯಿಗೆ ಏನೂ ಹಾಕಬಾರದು.

2016ರ ಮೇ ತಿಂಗಳಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಕಾಡೆಮ್ಮೆಯಂಥ ಬೈಸನ್ ಪ್ರಾಣಿಯ ಕರುವೊಂದಕ್ಕೆ ಚಳಿಯಾಗಿದೆ ಅಂತ ಕಾರಿನಲ್ಲಿ ಹಾಕಿಕೊಂಡು ಹೋದರು. ಹಿಂಡು ಅದನ್ನು ಮತ್ತೆ ಸೇರಿಸಲಿಲ್ಲ. ಕರು ಕಾರು, ಜನರ ಹತ್ತಿರವೇ ಬರತೊಡಗಿತು. ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು. ಓದುವಾಗ ಅಳಿಲೇ ಕಣ್ಣಮುಂದೆ ಬಂತು.

ಹಾಗಂತ ಸುಮ್ನೆ ಇದ್ದುಬಿಡೋದೇ ಸರಿ ಅಂತಲೂ ನನಗೆ ಅನಿಸೋದಿಲ್ಲ. 2000ದ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರ ‘ಟ್ರೆಷರ್’ ಹಡಗು ಮುಳುಗಿ ತೈಲ ಸೋರಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿತ್ತು. ಸಾವಿರಾರು ಜನ ಸಾಮಾನ್ಯರು ಬಂದು ತೊಳೆದರು, ಮೀನು ತಿನ್ನಿಸಿದರು. ಹೆಚ್ಚಿನವು ಬದುಕಿ ಸಮುದ್ರಕ್ಕೆ ಮರಳಿದವು. ನನಗೆ ಇನ್ನೂ ಇಷ್ಟವಾದದ್ದು ಬೇರೆ: ಎಣ್ಣೆ ತಾಗದ ಸುಮಾರು 19,500 ಪೆಂಗ್ವಿನ್‌ಗಳನ್ನು ದೂರದ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ ಬಿಟ್ಟರು. ಅವು ಈಜಿಕೊಂಡು ಮನೆ ಸೇರುವಷ್ಟರಲ್ಲಿ ಇತ್ತ ನೀರು ತಿಳಿಯಾಗಲಿ ಅಂತ. ಅಲ್ಲಿ ಬಂದವರೂ ನಮ್ಮಂಥವರೇ. ಆದರೆ ಹೇಗೆ ಹಿಡಿಯಬೇಕು, ಎಷ್ಟು ತಿನ್ನಿಸಬೇಕು ಅಂತ ಹೇಳಿಕೊಡಲು ಬಲ್ಲವರಿದ್ದರು.

ಈ ತಿಂಗಳು ಡಬ್ಬದಲ್ಲಿ ಮಾಡಿದ ಬದಲಾವಣೆ: ಟರ್ಕಿ ಟವೆಲ್ ತೆಗೆದೆ, ಅದರ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತೆ. ಹಳೇ ಬನಿಯನ್ ಹಾಸಿದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದೇ ಬದಿಗಿಟ್ಟೆ, ಸೆಕೆಯಾದರೆ ಮರಿ ಆಚೆ ಸರಿಯಲಿ ಅಂತ. ಮುಚ್ಚಳದ ಮೇಲೆ ಡಾಕ್ಟರ ನಂಬರ್ ಅಂಟಿಸಿದೆ. ಡ್ರಾಪರ್ ಎಸೆದೆ.

ಇವತ್ತಿನಿಂದ ಎತ್ತದವನ್ನೂ ಬರೆಯುತ್ತಿದ್ದೇನೆ. 15ನೇ ಸಾಲು: ಪಿಕಳಾರದ ಮರಿ, ಬೇಲಿಯ ಬುಡ. ಎತ್ತಲಿಲ್ಲ. ಪಕ್ಕದ ಮನೆಯವರನ್ನು ಬೆಕ್ಕನ್ನು ಎರಡು ದಿನ ಒಳಗೇ ಇಡ್ತೀರಾ ಅಂತ ಕೇಳಿದೆ. ನಕ್ಕರು, ಆದರೆ ಬಾಗಿಲು ಹಾಕಿಕೊಂಡರು.