ಹೀಟರಿನ ಪಕ್ಕದಲ್ಲಿ ಆರು ದಿನ

ಕಳೆದ ಸೋಮವಾರ ರಾತ್ರಿ ಪ್ರಯಾಣ ಮುಗಿಸಿ ಮನೆಯ ಬಾಗಿಲು ತೆರೆದಾಗ, ಹೊರಗೆ ಗೋಡೆಯ ಮರೆಯಲ್ಲಿ ಇರಬೇಕಿದ್ದ ನನ್ನ ಅಜೇಲಿಯಾ ಹೂಗಿಡದ ಬೋನ್ಸಾಯ್ ನಡುಮನೆಯಲ್ಲಿ, ಹೀಟರಿನಿಂದ ಎರಡು ಮೊಳ ದೂರದಲ್ಲಿ, ಒಂದು ಸ್ಟೂಲಿನ ಮೇಲೆ ಕುಳಿತಿತ್ತು. ಅದರ ಕುಂಡದ ಸುತ್ತ ಹಳೆಯ ಉಣ್ಣೆಯ ಶಾಲೊಂದನ್ನು ಜೋಪಾನವಾಗಿ ಸುತ್ತಲಾಗಿತ್ತು. ಹೆಗಲ ಮೇಲಿನ ಚೀಲವನ್ನು ಇಳಿಸುವ ಮೊದಲೇ "ದೊಡ್ಡಮ್ಮಾ, ಇದನ್ನು ಒಳಗೆ ತಂದವರು ಯಾರು?" ಎಂದು ಕೇಳಿದೆ. ನನ್ನ ದನಿ ಬೇಕಾದುದಕ್ಕಿಂತ ಗಟ್ಟಿಯಾಗಿತ್ತು. ದೊಡ್ಡಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ, "ನಾನೇ ತಂದೆ. ಬಾಯಿಲ್ಲ ಅಂತ ಅದನ್ನ ಆ ಚಳೀಲಿ ಹೊರಗೆ ಹಾಕಿಬಿಟ್ಟಿದ್ದೆಯಲ್ಲೋ" ಎಂದರು.

ಆ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅದನ್ನು ಅಲ್ಲಿಗೇ ಮರೆಯುತ್ತಿದ್ದೆನೇನೋ. ಆದರೆ ದೊಡ್ಡಮ್ಮ ಹತ್ತು ಜನ ಸೇರಿದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮೂಲೆಯಲ್ಲಿ ಸುಮ್ಮನೆ ಕುಳಿತವರನ್ನು ಗುರುತಿಸುವವರು. ಅಳುವ ಮಗುವನ್ನು ಎತ್ತಿಕೊಳ್ಳಲು ಎಲ್ಲರೂ ಇರುತ್ತಾರೆ, ಅಳದೇ ಇರುವ ಮಗುವನ್ನು ನೋಡಿಕೊಳ್ಳಬೇಕು ಎಂದು ನನ್ನ ತಾಯಿಗೆ ಅವರು ಹೇಳುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗಲೇ ಕೇಳಿದ್ದೇನೆ. ಅಂಥವರು ನನ್ನನ್ನು ಬಾಯಿಲ್ಲದ ಜೀವವನ್ನು ಹೊರಗೆ ಹಾಕಿದವನೆಂದು ಕರೆದಾಗ, ನನ್ನ ಕಡೆ ನ್ಯಾಯವಿದೆಯೆಂದು ಗೊತ್ತಿದ್ದರೂ ಮನಸ್ಸು ಕುಗ್ಗಿತು.

ಗಿಡ ಅವರಿಗೆ ಹೇಗೆ ಕಂಡಿರಬಹುದೆಂದು ಯೋಚಿಸಿದರೆ ಅವರ ತಪ್ಪು ತಪ್ಪಾಗಿಯೇ ಉಳಿಯುವುದಿಲ್ಲ. ಸತ್ಸುಕಿ ಜಾತಿಯ ಅಜೇಲಿಯಾ ಪೂರ್ತಿ ನಿತ್ಯಹಸಿರಿನದೂ ಅಲ್ಲ, ಪೂರ್ತಿ ಎಲೆ ಉದುರಿಸುವ ಮರವೂ ಅಲ್ಲ. ವಸಂತದಲ್ಲಿ ಚಿಗುರಿದ ಅಗಲವಾದ ಎಲೆಗಳು ಶರತ್ಕಾಲದಲ್ಲಿ ಹಳದಿಯಾಗಿ ಉದುರುತ್ತವೆ. ಬೇಸಿಗೆಯಲ್ಲಿ ರೆಂಬೆಯ ತುದಿಗೆ ಬಂದ ಚಿಕ್ಕ, ದಪ್ಪ ಎಲೆಗಳು ಮಾತ್ರ ಚಳಿಗಾಲದುದ್ದಕ್ಕೂ ಉಳಿದು, ಚಳಿ ಏರಿದಂತೆ ಕಂದುಗೆಂಪಿಗೆ ತಿರುಗುತ್ತವೆ. ಇದನ್ನು ಮೊದಲ ಬಾರಿಗೆ ನೋಡುವವರಿಗೆ ಅದು ಸಾಯುತ್ತಿರುವ ಗಿಡವೇ ಹೌದು. ಅರ್ಧ ಎಲೆ ಉದುರಿದೆ, ಉಳಿದದ್ದು ಕಮರಿದೆ, ಕುಂಡ ಮಂಜಿನಲ್ಲಿದೆ, ಸಾಕಿದವನು ಮನೆಯಲ್ಲಿಲ್ಲ. ಹೊರಡುವ ದಿನ ನಾನು "ಅದಕ್ಕೆ ಈಗ ನೀರು ಬೇಡ, ಏನೂ ಮಾಡುವುದು ಬೇಡ" ಎಂದಷ್ಟೇ ಹೇಳಿ ಹೋಗಿದ್ದೆ. ಏನೂ ಮಾಡದೆ ಕುಳಿತಿರುವುದು ದೊಡ್ಡಮ್ಮನ ಸ್ವಭಾವವಲ್ಲ ಎಂಬುದು ನನಗೆ ನೆನಪಿರಬೇಕಿತ್ತು.

ಚಳಿ ಈ ಗಿಡಕ್ಕೆ ಶಿಕ್ಷೆಯಲ್ಲ, ಅದರ ವರ್ಷದ ಒಂದು ಭಾಗ. ಸಸ್ಯಶಾಸ್ತ್ರದ ಹೆಸರಿನಲ್ಲಿ ‘ಇಂಡಿಕಮ್’, ಅಂದರೆ ಭಾರತದ್ದು, ಎಂದಿದ್ದರೂ ಸತ್ಸುಕಿಯ ತವರು ಜಪಾನು. ಅಲ್ಲಿನ ಹೊಳೆದಂಡೆಯ ಬಂಡೆಗಳ ಸಂದಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಹಳೆಯ ಚಾಂದ್ರ ಪಂಚಾಂಗದ ಐದನೆಯ ತಿಂಗಳಿಗೆ ಸತ್ಸುಕಿ ಎನ್ನುತ್ತಾರೆ, ಆ ತಿಂಗಳಲ್ಲಿ ಅರಳುವುದರಿಂದ ಗಿಡಕ್ಕೂ ಅದೇ ಹೆಸರು. ಇಂದು ಟೋಕಿಯೋ ಎನಿಸಿಕೊಂಡ ಎದೋ ನಗರದ ತೋಟಗಾರ ಇತೋ ಇಹೇ 1692ರಷ್ಟು ಹಿಂದೆಯೇ ಅಜೇಲಿಯಾಗಳ ಬಗೆಗಳನ್ನು ಚಿತ್ರಸಹಿತ ಪುಸ್ತಕವಾಗಿ ದಾಖಲಿಸುವಾಗ, ವಸಂತದಲ್ಲಿ ಅರಳುವ ತ್ಸುತ್ಸುಜಿ ಮತ್ತು ತಡವಾಗಿ ಅರಳುವ ಸತ್ಸುಕಿ ಎಂದು ಅವುಗಳನ್ನು ಎರಡಾಗಿ ವಿಂಗಡಿಸಿದ್ದ. ಕಾಲವನ್ನೇ ಹೆಸರಾಗಿ ಹೊತ್ತ ಗಿಡವಿದು. ಈ ಸಲದ ಹೂವಿನ ಮೊಗ್ಗು ಹೋದ ಬೇಸಿಗೆಯಲ್ಲೇ ರೆಂಬೆಯ ತುದಿಯಲ್ಲಿ ಕಟ್ಟಿ ಮುಗಿದಿರುತ್ತದೆ. ಆದ್ದರಿಂದಲೇ ಹೂ ಬಾಡಿದ ಕೂಡಲೇ ಸವರುವ ಕೆಲಸ ಮುಗಿಸಬೇಕು, ತಡಮಾಡಿ ಕತ್ತರಿ ಹಿಡಿದವನು ಮುಂದಿನ ವರ್ಷದ ಹೂವನ್ನೇ ಕತ್ತರಿಸುತ್ತಾನೆ. ಹಾಗೆ ಕಟ್ಟಿದ ಮೊಗ್ಗು ನಿದ್ದೆಯಿಂದ ಏಳಬೇಕಾದರೆ 10 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ವಾರಗಟ್ಟಲೆ ಸಿಗಬೇಕು. ವರ್ಷವಿಡೀ ಬೆಚ್ಚಗಿನ ಕೋಣೆಯಲ್ಲಿಟ್ಟ ಗಿಡ ಸರಿಯಾಗಿ ಅರಳುವುದಿಲ್ಲ, ಕ್ರಮೇಣ ಸೊರಗುತ್ತದೆ.

ಇಷ್ಟೆಲ್ಲ ತಿಳಿದವನು ಅಂದು ರಾತ್ರಿ ದೊಡ್ಡಮ್ಮನಿಗೆ ಶಾಂತವಾಗಿ ವಿವರಿಸಬಹುದಿತ್ತು. ನಾನು ವಿವರಿಸಲಿಲ್ಲ. "ನಿಮಗೆ ಗೊತ್ತಿಲ್ಲದ್ದರಲ್ಲಿ ಯಾಕೆ ಕೈ ಹಾಕುತ್ತೀರಿ" ಎಂದುಬಿಟ್ಟೆ. ಅವರು ಶಾಲನ್ನು ಬಿಚ್ಚಿ ಮಡಿಸಿಕೊಂಡು ಒಳಗೆ ಹೋದರು. ಹಾಗೇಕೆ ಸಿಡುಕಿದೆನೆಂದರೆ, ಅವರ ಮಾತು ನನ್ನ ಹಳೆಯ ಗಾಯವೊಂದಕ್ಕೆ ನೇರವಾಗಿ ತಾಗಿತ್ತು.

ನಾಲ್ಕು ವರ್ಷಗಳ ಹಿಂದೆ ನನ್ನ ಬಳಿ ಇದಕ್ಕಿಂತ ಹಿರಿಯ ಅಜೇಲಿಯಾ ಒಂದಿತ್ತು. ಬುಡ ನನ್ನ ಮಣಿಕಟ್ಟಿನಷ್ಟು ದಪ್ಪವಿದ್ದು, ಬೇರುಗಳು ನೆಲದ ಮೇಲೆ ಬೆರಳುಗಳಂತೆ ಹರಡಿದ್ದವು. ಚಳಿ ಬೇಕು ಎಂಬುದನ್ನು ಕಲಿತಿದ್ದೆನೇ ಹೊರತು ಎಷ್ಟು ಬೇಕು, ಎಲ್ಲಿಗೆ ಸಾಕು ಎಂಬುದನ್ನು ಕಲಿತಿರಲಿಲ್ಲ. ಆ ಚಳಿಗಾಲ ಅದನ್ನು ಎತ್ತರದ ಬೆಂಚಿನ ಮೇಲೆ, ನಾಲ್ಕೂ ಕಡೆ ಗಾಳಿ ಬೀಸುವಲ್ಲಿ ಬಿಟ್ಟಿದ್ದೆ. ನೆಲದಲ್ಲಿ ಬೆಳೆದ ಗಿಡದ ಬೇರಿಗೆ ಭೂಮಿಯ ಬಿಸುಪು ಆಸರೆಯಾಗಿರುತ್ತದೆ. ಕುಂಡದೊಳಗಿನ ಬೇರಿಗೆ ಇರುವುದು ಒಂದು ಬೆರಳು ದಪ್ಪದ ಮಣ್ಣಿನ ಗೋಡೆ ಮಾತ್ರ, ಹೊರಗಿನ ಗಾಳಿಯ ಚಳಿಯೇ ಬೇರಿನ ಚಳಿ. ಗಿಡದ ಮೇಲುಭಾಗ ತಡೆಯುವಷ್ಟು ಚಳಿಯನ್ನು ಬೇರು ತಡೆಯಲಾರದು, ಅದರಲ್ಲೂ ಅಜೇಲಿಯಾದ ಬೇರು ಕೂದಲೆಳೆಯಂಥದ್ದು. ಕುಂಡದ ಮಣ್ಣು ಕಲ್ಲಾಗಿ ಹೆಪ್ಪುಗಟ್ಟಿದಾಗ ಬೇರು ನೀರನ್ನು ಎಳೆಯಲಾರದು, ಎಲೆಯ ಮೇಲೆ ಬೀಸುವ ಗಾಳಿ ಮಾತ್ರ ಇದ್ದ ನೀರನ್ನೂ ಹೀರುತ್ತಲೇ ಇರುತ್ತದೆ. ಹಿಮದ ನಡುವೆ ಗಿಡ ಬಾಯಾರಿ ಒಣಗುತ್ತದೆ.

ಅದರ ಕ್ರೂರತೆ ಗೊತ್ತಾದದ್ದು ವಸಂತದಲ್ಲಿ. ಆ ಗಿಡ ಚಿಗುರಿತು, ಎಂಟು ಹತ್ತು ಹೂಗಳೂ ಬಿರಿದವು, ಬದುಕಿಕೊಂಡಿತೆಂದು ನಾನು ಎಲ್ಲರಿಗೂ ತೋರಿಸಿದೆ. ಅದು ಕಾಂಡದೊಳಗೆ ಕೂಡಿಟ್ಟುಕೊಂಡಿದ್ದ ಶಕ್ತಿಯಿಂದ ಬಂದ ಚಿಗುರು. ಕೆಳಗೆ ಬೇರು ಸತ್ತು ಹೋಗಿತ್ತು. ಬಿಸಿಲೇರಿದ ಒಂದೇ ವಾರದಲ್ಲಿ ಹೂ, ಚಿಗುರು ಎಲ್ಲ ಒಟ್ಟಿಗೆ ತಲೆ ಬಾಗಿಸಿದವು. ಕುಂಡದಿಂದ ಎತ್ತಿದಾಗ ಬೇರಿನ ಮುದ್ದೆ ಕಪ್ಪಾಗಿ, ಹಿಚುಕಿದರೆ ಸಿಪ್ಪೆ ಕಳಚಿ ಬರುವಂತಾಗಿತ್ತು. "ಬಾಯಿಲ್ಲ ಅಂತ ಹೊರಗೆ ಹಾಕಿಬಿಟ್ಟಿದ್ದೆಯಲ್ಲೋ" ಎಂಬ ಮಾತು ಆ ಗಿಡದ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು. ದೊಡ್ಡಮ್ಮನಿಗೆ ಆ ಗಿಡದ ಕತೆಯೇ ಗೊತ್ತಿಲ್ಲ.

ಅಂದಿನಿಂದ ನನ್ನ ಕ್ರಮ ಬೇರೆ. ಮೊದಲ ಗಟ್ಟಿ ಮಂಜು ಬೀಳುವ ಮುನ್ನ ಕುಂಡವನ್ನು ಬೆಂಚಿನಿಂದ ಇಳಿಸಿ, ಗಾಳಿ ಬಾರದ ಗೋಡೆಯ ಮಗ್ಗುಲಲ್ಲಿ ನೆಲದ ಮೇಲಿಟ್ಟು, ಸುತ್ತಲೂ ತೊಗಟೆಯ ಚೂರುಗಳನ್ನು ಕುಂಡದ ಅಂಚಿನವರೆಗೆ ತುಂಬುತ್ತೇನೆ. ಬೇರಿನ ಬಳಿಯ ಚಳಿ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಇಳಿಯುವ ಸೂಚನೆ ಇದ್ದ ರಾತ್ರಿ ಅದನ್ನು ಹೀಟರ್ ಇಲ್ಲದ ಉಗ್ರಾಣಕ್ಕೆ ಸಾಗಿಸುತ್ತೇನೆ. ಹೆಪ್ಪುಗಟ್ಟದ ದಿನ ನೋಡಿ, ಬೆಳಗಿನ ಹೊತ್ತು ನೀರು ಕೊಡುತ್ತೇನೆ. ಬೋನ್ಸಾಯ್ ಬೆಳೆಸುವ ನನ್ನ ಗೆಳೆಯನೊಬ್ಬ "ಹೊರಗೇ ಬಿಡು, ಗಟ್ಟಿಯಾಗಲಿ, ಉಳಿಯುವುದು ಉಳಿಯುತ್ತದೆ" ಎನ್ನುತ್ತಾನೆ. ಅವನ ಕೈಯಲ್ಲಿ ತಂತಿ ಸುತ್ತುವ ಕಲೆ ಇದೆ, ರೆಂಬೆಯನ್ನು ಎಲ್ಲಿಗೆ ಬಾಗಿಸಬೇಕೆಂಬ ಕಣ್ಣಿದೆ. ಆದರೂ ಈ ಮಾತಿಗಾಗಿ ಅವನ ಮೇಲೆ ನನಗೆ ಬೇಸರವಿದೆ. ತಾನೇ ಹೊಳೆದಂಡೆಯಿಂದ ಕಿತ್ತು ಅಂಗೈಯಗಲದ ಕುಂಡದಲ್ಲಿ ಕೂರಿಸಿ, ಆಮೇಲೆ ನಿಸರ್ಗದ ನಿಯಮವನ್ನು ಮಾತನಾಡುವುದು ಸರಿಯಲ್ಲ. ಕುಂಡಕ್ಕೆ ತಂದ ದಿನವೇ ಅದರ ಬೇರಿನ ಹೊಣೆ ನಮ್ಮದಾಯಿತು. ಈ ವಿಷಯದಲ್ಲಿ ನಾನು ಗೆಳೆಯನಿಗಿಂತ ದೊಡ್ಡಮ್ಮನಿಗೇ ಹತ್ತಿರದವನು.

ಸೋಮವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಿಡಿದು ಗಿಡವನ್ನು ನೋಡಿದೆ. ಅಜೇಲಿಯಾಗೆ ಆಮ್ಲೀಯ ಮಣ್ಣು ಬೇಕಾದ್ದರಿಂದ ನಾನು ಬಳಸುವುದು ಕಾನುಮ. ಅಕಾಗಿ ಜ್ವಾಲಾಮುಖಿ ಹಿಂದೆಂದೋ ಉಗುಳಿದ ಹಗುರವಾದ ಹರಳು ಅದು, ಜಪಾನಿನ ಕಾನುಮ ನಗರದ ಸುತ್ತ ಅಗೆದು ತೆಗೆಯುತ್ತಾರೆ. ಒದ್ದೆಯಾದಾಗ ಅರಿಸಿನದ ಬಣ್ಣ, ಒಣಗಿದಾಗ ಬಿಳಿಚಿದ ಕೆನೆಬಣ್ಣ. ಬಾಯಾರಿಕೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮಣ್ಣು ಬೇರೊಂದನ್ನು ನಾನು ಕಂಡಿಲ್ಲ. ಮೇಲ್ಪದರ ಅರಿಸಿನದ ಬಣ್ಣಕ್ಕಿತ್ತು. ದೊಡ್ಡಮ್ಮ ದಿನವೂ ಬೆಳಿಗ್ಗೆ ಅಂಗೈಯಿಂದ ನೀರು ಚಿಮುಕಿಸಿದ್ದರು. ಬಿದಿರಕಡ್ಡಿಯಿಂದ ಅಂಚಿನಲ್ಲಿ ಒಂದು ಬೆರಳಿನಷ್ಟು ಆಳಕ್ಕೆ ಕೆದಕಿದೆ: ಕೆಳಗಿನ ಹರಳುಗಳೆಲ್ಲ ಬಿಳಿ. ಆರು ದಿನದ ಹೀಟರಿನ ಗಾಳಿ ಬೇರಿನ ಸುತ್ತಲಿನ ತೇವವನ್ನೆಲ್ಲ ಹೀರಿತ್ತು, ಮೇಲಿನ ಹನಿಗಳು ಅಲ್ಲಿಗೆ ಇಳಿದೇ ಇರಲಿಲ್ಲ. ಹೀಟರಿನ ಕಡೆಗಿದ್ದ ಎಲೆಗಳ ಅಂಚು ಮುಟ್ಟಿದರೆ ಸಣ್ಣಗೆ ಸದ್ದು ಮಾಡುತ್ತಿತ್ತು.

ಅಜೇಲಿಯಾದ ಬೇರಿನ ಮುದ್ದೆ ಹಾಗೆ ಒಣಗಿದ ಮೇಲೆ ಎಷ್ಟು ನೀರು ಸುರಿದರೂ ಬದಿಯಿಂದ ಜಾರಿ ಹೋಗುತ್ತದೆ. ಕುಂಡವನ್ನು ಮಳೆನೀರಿನ ತೊಟ್ಟಿಯಲ್ಲಿ ಅಂಚಿನವರೆಗೆ ಮುಳುಗಿಸಿ ಕುಳಿತೆ. ಸುಣ್ಣದಂಶವಿರುವ ಗಡಸು ನೀರು ಕೊಟ್ಟರೆ ಈ ಗಿಡ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲಾರದೆ, ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುವುದರಿಂದ ಮಳೆನೀರನ್ನು ಹಿಡಿದಿಟ್ಟಿರುತ್ತೇನೆ. ಗುಳ್ಳೆಗಳು ಮೊದಲು ಸಾಲುಸಾಲಾಗಿ ಎದ್ದು, ಆಮೇಲೆ ಒಂದೊಂದಾಗಿ, ಕೊನೆಗೆ ನಿಂತವು. ಆ ಹೊತ್ತಿನಲ್ಲೇ ಮೊಗ್ಗು ಕಣ್ಣಿಗೆ ಬಿದ್ದದ್ದು. ಕೆಳಗಿನ ಬಲರೆಂಬೆಯ ತುದಿಯಲ್ಲಿ, ಅಂಟಂಟಾದ ಕಂದು ಸಿಪ್ಪೆಗಳೆರಡು ಬೇರ್ಪಟ್ಟು, ನಡುವೆ ಕೂದಲೆಳೆಯಷ್ಟು ಗುಲಾಬಿ ಗೆರೆ ಕಾಣುತ್ತಿತ್ತು. ಎರಡು ತಿಂಗಳ ಚಳಿಯನ್ನು ಆಗಲೇ ಉಂಡಿದ್ದ ಮೊಗ್ಗು, ಬೆಚ್ಚಗಾದೊಡನೆ ವಸಂತ ಬಂತೆಂದು ನಂಬಿತ್ತು. ಕೆಳರೆಂಬೆಯೇ ಮೊದಲು ಎಚ್ಚೆತ್ತದ್ದು ಸಹಜ. ಹೆಚ್ಚಿನ ಮರಗಳಲ್ಲಿ ತುದಿ ಬಲವಾಗಿರುತ್ತದೆ, ಅಜೇಲಿಯಾದಲ್ಲಿ ಬಲವೆಲ್ಲ ಬುಡದ ಕಡೆಗಿರುತ್ತದೆ, ಆದ್ದರಿಂದ ಸವರುವಾಗಲೂ ಕೆಳಗೆ ಧಾರಾಳವಾಗಿ, ನೆತ್ತಿಯಲ್ಲಿ ಹಿಡಿತದಿಂದ ಕತ್ತರಿ ಆಡಿಸಬೇಕು.

ಈಗ ಅದನ್ನು ಮತ್ತೆ ಹೊರಗಿಡುವಂತಿಲ್ಲ. ನಿದ್ದೆಯಲ್ಲಿದ್ದ ಮೊಗ್ಗು ತಡೆಯುವ ಚಳಿಯನ್ನು ಎಚ್ಚೆತ್ತ ಮೊಗ್ಗು ತಡೆಯುವುದಿಲ್ಲ. ನಡುಮನೆಯ 22 ಡಿಗ್ರಿಯಲ್ಲೇ ಇಟ್ಟರೆ ಬೆಳಕಿಲ್ಲದೆ, ಒಣಗಾಳಿಯಲ್ಲಿ, ಬಿಳಿಚಿದ ಚಿಗುರು ಬಂದು ಗಿಡ ತನ್ನ ಗಂಟನ್ನೆಲ್ಲ ಕರಗಿಸಿಕೊಳ್ಳುತ್ತದೆ. ಉಳಿದ ದಾರಿ ಒಂದೇ, 4–5 ಡಿಗ್ರಿಯ ಆಸುಪಾಸಿನಲ್ಲಿರುವ ಉಗ್ರಾಣದ ಕಿಟಕಿ. ಅದೂ ಒಮ್ಮೆಲೇ ಬೇಡವೆಂದು ಆ ರಾತ್ರಿ ಮೆಟ್ಟಿಲಿನ ಬಳಿ, ಮರುದಿನ ಹಿಂಬಾಗಿಲಿನ ಹತ್ತಿರ, ಮೂರನೆಯ ದಿನ ಉಗ್ರಾಣದಲ್ಲಿ ಎಂದು ಹಂತಹಂತವಾಗಿ ಒಯ್ದೆ.

ಮಂಗಳವಾರ ಬೆಳಿಗ್ಗೆ ದೊಡ್ಡಮ್ಮನ ಬಳಿ ಕುಳಿತು ಇವನ್ನೆಲ್ಲ ಹೇಳಿದೆ. ಎರಡು ಬಗೆಯ ಎಲೆಗಳನ್ನು ಅಂಗೈಮೇಲೆ ಇಟ್ಟು ತೋರಿಸಿದೆ. ಒಂದು ಕಡ್ಡಿರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆದು ಒಳಗಿನ ಹಸಿರನ್ನೂ ತೋರಿಸಿದೆ. ಇದಕ್ಕೆ ಬಾಯಿಲ್ಲವೆಂದಿಲ್ಲ, ಮಣ್ಣಿನ ಬಣ್ಣ, ಕುಂಡದ ತೂಕ, ಎಲೆಯ ಕೆಂಪು ಎಲ್ಲ ಅದರ ಮಾತೇ ಎಂದೆ. ಅವರು ಎಲೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, "ಅದರ ಮಾತು ನಂಗೆ ಹೇಗಪ್ಪಾ ಗೊತ್ತಾಗಬೇಕು? ಬಾಯಿದ್ದೋನು ನೀನು. ನೀನು ಹೇಳಿ ಹೋಗಬೇಕಿತ್ತು" ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಗಿಡಗಳ ವಿಷಯದಲ್ಲಿ ಮಾತ್ರವೇ ನಾನು ಹೀಗೆ ಮಾಡಿದ್ದೇನೆಯೇ ಎಂದು ಆಮೇಲೆ ತುಂಬ ಹೊತ್ತು ಯೋಚಿಸಿದೆ. ಹನ್ನೆರಡು ವರ್ಷದಿಂದ ಒಂದು ಗಿಡದ ಜೊತೆ ಬದುಕಿ, ಅದರ ಬೇಕುಬೇಡಗಳನ್ನೆಲ್ಲ ಕಲಿತು, ಆ ತಿಳಿವಳಿಕೆಯನ್ನು ಮನೆಯಲ್ಲಿ ಯಾರಿಗೂ ಹಂಚದೆ, ನನ್ನ ಹೊರತು ಇನ್ನಾರಿಗೂ ಅರ್ಥವಾಗದಂತೆ ಇಟ್ಟುಕೊಂಡಿದ್ದೇನೆ. ಅದು ನನ್ನದು ಎಂಬ ಭಾವ ಅದರಿಂದ ಗಟ್ಟಿಯಾಗುತ್ತದೆ. ಆದರೆ ನಾನು ಇಲ್ಲದ ಆರೇ ದಿನಕ್ಕೆ ಗಿಡ ಅನಾಥವಾಯಿತು, ಅದನ್ನು ಪ್ರೀತಿಯಿಂದ ನೋಡಿದವರ ಕೈಗೆ ಸರಿಯಾದ ಕೆಲಸವೇ ಇರಲಿಲ್ಲ. ದೊಡ್ಡಮ್ಮನ ಕಾಯಿಲೆಯ ಕಾಲದಲ್ಲಿ ಅವರಿಗೆ ಏನು ಬೇಕೆಂದು ನಾವು ಮಕ್ಕಳೆಲ್ಲ ಸೇರಿ ತೀರ್ಮಾನಿಸುತ್ತಿದ್ದೆವು, ಕೋಣೆಯ ಕಿಟಕಿಗಳನ್ನು ಮುಚ್ಚುತ್ತಿದ್ದೆವು. ತೆರೆದಿಡಿ ಎಂದು ಅವರು ಒಂದೆರಡು ಸಲ ಹೇಳಿದ್ದರು. ಆಗ ಬಾಯಿದ್ದವರ ಮಾತೂ ನಮಗೆ ಕೇಳಿರಲಿಲ್ಲ.

ಬುಧವಾರದಿಂದ ಬೆಳಿಗ್ಗೆ ಉಗ್ರಾಣಕ್ಕೆ ಮೊದಲು ಹೋಗುವವರು ದೊಡ್ಡಮ್ಮ. ಕುಂಡವನ್ನು ಎರಡೂ ಕೈಗಳಿಂದ ಒಂದಿಷ್ಟು ಎತ್ತಿ ತೂಕ ನೋಡುತ್ತಾರೆ, ಥರ್ಮಾಮೀಟರನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಾರೆ. ತೆರೆದುಕೊಂಡ ಆ ಮೊಗ್ಗನ್ನು ಚಿವುಟಿ ಹಾಕುವುದು ಗಿಡದ ಹಿತಕ್ಕೆ ಒಳ್ಳೆಯದೆಂದು ನಾನು ನಿನ್ನೆ ಹೇಳಿದಾಗ, ಇನ್ನೆರಡು ದಿನ ನೋಡೋಣ ಎಂದರು. ಇಂದು ಬೆಳಿಗ್ಗೆ ಉಗ್ರಾಣದಲ್ಲಿ 4 ಡಿಗ್ರಿ ಇತ್ತು. ಇಬ್ಬರೂ ಬಗ್ಗಿ ನೋಡಿದೆವು. ಗುಲಾಬಿ ಗೆರೆ ಸೋಮವಾರ ರಾತ್ರಿ ಇದ್ದಷ್ಟೇ ಅಗಲವಿದೆ.